ದೇವರು ಕೊಟ್ಟರೂ ಪೂಜಾರಿ ಕೊಡ

ಹೋದ ವರ್ಷ ಮಾರ್ಚಿನ ಒಂದು ಭಾನುವಾರ ಬೆಳಿಗ್ಗೆ ಚಿಕ್ಕಪ್ಪನ ಮಗಳ ಫೋನು ಬಂತು. ಅವಳು ಎಂ.ಎಸ್ಸಿ. ಅಗ್ರಿ ಓದುತ್ತಿದ್ದಾಳೆ, ಹಾಸ್ಟೆಲಿನಲ್ಲಿದ್ದಾಳೆ, ಸುಮ್ಮಸುಮ್ಮನೆ ಫೋನ್ ಮಾಡುವ ಪೈಕಿ ಅಲ್ಲ.

“ಅಣ್ಣಾ, ಒಂದು ಮಳೆ ಫೈಲ್ ಓಪನ್ ಮಾಡ್ಬೇಕಿತ್ತು.”

“ಅಷ್ಟೇನಾ?”

“ಅಷ್ಟೇ ಅಂತ ನಾನೂ ಅಂದ್ಕೊಂಡಿದ್ದೆ. ಹದಿನೈದು ದಿನ ಆಯ್ತು. ಟಾಪಿಕ್ಕೇ ಚೇಂಜ್ ಮಾಡ್ಬಿಡ್ಲಾ ಅಂತ ಯೋಚ್ನೆ ಮಾಡ್ತಿದೀನಿ. ಇದು ನನ್ ತಲೆಗೆ ಹತ್ತೋ ವಿಷ್ಯ ಅಲ್ಲ ಅನ್ಸುತ್ತೆ ಅಣ್ಣಾ.”

ಆ ಕೊನೆಯ ಮಾತು ಬರದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಒಂದು ಲೈಬ್ರರಿ ಇನ್‌ಸ್ಟಾಲ್ ಆಗಲಿಲ್ಲ, ಅದಕ್ಕೆ ಹುಡುಗಿ ತನ್ನ ತಲೆಯನ್ನೇ ದೂರಿಕೊಳ್ಳುತ್ತಿದ್ದಾಳೆ. ನಾವು ಸಿನಿಮಾ ವಿಮರ್ಶೆ ಬರೀತೀವಿ, ಪುಸ್ತಕದ ವಿಮರ್ಶೆ ಬರೀತೀವಿ, ದರ್ಶಿನಿಯ ಮಸಾಲೆ ದೋಸೆಗೂ ಐದಕ್ಕೆ ಇಷ್ಟು ಅಂತ ಸ್ಟಾರ್ ಕೊಡ್ತೀವಿ. ಆದರೆ ಜನ ದಿನಗಟ್ಟಲೆ ಓದಿ, ಒದ್ದಾಡಿ, ಕೊನೆಗೆ ಸೋತು ಮುಚ್ಚಿಡುವ ‘ಇನ್‌ಸ್ಟಾಲ್ ಮಾಡುವುದು ಹೇಗೆ’ ಅನ್ನೋ ಪುಟವನ್ನು ಯಾರೂ ವಿಮರ್ಶೆಗೆ ಎತ್ತಿಕೊಳ್ಳಲ್ಲ. ನೆಟ್‌ಸಿಡಿಎಫ್ ಅನ್ನೋ ಲೈಬ್ರರಿಯ ವಿಷಯದಲ್ಲಿ ಆ ಕೆಲಸ ಇವತ್ತು ಮಾಡೋಣ ಅಂತಿದ್ದೇನೆ.

ಮೊದಲು ಫೈಲಿನ ಕಥೆ. ಭಾರತೀಯ ಹವಾಮಾನ ಇಲಾಖೆಯ ಪುಣೆ ಕಚೇರಿ ದೇಶದ ದಿನದಿನದ ಮಳೆ ಲೆಕ್ಕವನ್ನು 1901ರಿಂದ ಹಿಡಿದು, ವರ್ಷಕ್ಕೊಂದು ಫೈಲಿನ ಹಾಗೆ ಕೊಡುತ್ತದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ದುಡ್ಡಿಲ್ಲ. ನಕಾಶೆಯ ಮೇಲೆ ಕಾಲು ಡಿಗ್ರಿಗೊಂದು ಗೆರೆ ಎಳೆದಿದ್ದಾರೆ ಅಂದುಕೊಳ್ಳಿ. ಅಕ್ಷಾಂಶ 6.5ರಿಂದ 38.5ರವರೆಗೆ 129 ಗೆರೆ, ರೇಖಾಂಶ 66.5ರಿಂದ 100ರವರೆಗೆ 135 ಗೆರೆ. ಗೆರೆ ಕೂಡುವ ಕಡೆಯೆಲ್ಲ ದಿನಕ್ಕೊಂದು ಸಂಖ್ಯೆ. ವರ್ಷಕ್ಕೆ 63,56,475 ಸಂಖ್ಯೆಗಳು. ಒಂದು ಗೆರೆಯಿಂದ ಇನ್ನೊಂದಕ್ಕೆ ಸುಮಾರು ಇಪ್ಪತ್ತೇಳು ಕಿಲೋಮೀಟರು. ನಮ್ಮ ಅರಸೀಕೆರೆ ಪುಣ್ಯಕ್ಕೆ 13.25, 76.25 ಅನ್ನೋ ಬಿಂದುವಿನ ಪಕ್ಕದಲ್ಲೇ ಇದೆ. ರಾಗಿ ಬಿತ್ತನೆಗೆ ಮುಂಚಿನ ಮಳೆ ನೂರು ವರ್ಷದಲ್ಲಿ ಹಿಂದೆ ಮುಂದೆ ಆಗಿದೆಯಾ ಅಂತ ನೋಡುವುದು ಅವಳ ಪ್ರಾಜೆಕ್ಟು. ಅವಳ ಗೈಡ್ ಹತ್ತಿರ ಮಣ್ಣಿನ ತೇವಾಂಶದ ಲೆಕ್ಕ ಹಾಕುವ ಹಳೇ ಫೋರ್ಟ್ರಾನ್ ಪ್ರೋಗ್ರಾಂ ಒಂದಿದೆ. ಅದಕ್ಕೆ ಈ ಮಳೆಯನ್ನು ಉಣಿಸಬೇಕು. ಇಷ್ಟೇ.

ಇಲಾಖೆ ಇದೇ ಲೆಕ್ಕವನ್ನು ಎರಡು ರೂಪದಲ್ಲಿ ಕೊಡುತ್ತದೆ. ಒಂದು ಬರೀ ಬೈನರಿ. ನಾಲ್ಕು ನಾಲ್ಕು ಬೈಟಿನ ಸಂಖ್ಯೆಗಳು ಒಂದರ ಹಿಂದೆ ಒಂದು ನಿಂತಿರುತ್ತವೆ, ವರ್ಷಕ್ಕೆ ಸುಮಾರು 25 ಎಂಬಿ. ಮೊದಲು ಅಕ್ಷಾಂಶವೋ ರೇಖಾಂಶವೋ, ಎಲ್ಲಿ ಶುರು, ಎಲ್ಲಿ ಕೊನೆ, ಅದು ಯಾವುದನ್ನೂ ಬಾಯಿ ಬಿಟ್ಟು ಹೇಳಲ್ಲ. ಮಾಹಿತಿ ಇಲ್ಲದ ಜಾಗಕ್ಕೆ -999 ಅಂತ ಹಾಕಿದ್ದಾರೆ ಅನ್ನೋದು ಗೊತ್ತಿಲ್ಲದವನು ಸರಾಸರಿ ತೆಗೆದರೆ ಮಳೆ ಭೂಮಿಯಿಂದ ಆಕಾಶಕ್ಕೆ ವಾಪಸ್ ಹೋದ ಲೆಕ್ಕ ಬರುತ್ತೆ. ಇನ್ನೊಂದು ರೂಪವೇ ನೆಟ್‌ಸಿಡಿಎಫ್.

ನೆಟ್‌ಸಿಡಿಎಫ್ ಬಗ್ಗೆ ನನಗೆ ನಿಜವಾದ ಗೌರವ ಇದೆ, ಅದನ್ನು ಮೊದಲೇ ಹೇಳಿಬಿಡ್ತೀನಿ. ಅಮೆರಿಕದ ಕೊಲೊರಾಡೊ ರಾಜ್ಯದ ಬೋಲ್ಡರ್ ಊರಿನಲ್ಲಿ ಯುನಿಡೇಟಾ ಅಂತ ಒಂದು ಸಂಸ್ಥೆ, ವಿಶ್ವವಿದ್ಯಾಲಯಗಳಿಗೆ ಹವಾಮಾನದ ಮಾಹಿತಿ, ತಂತ್ರಾಂಶ ಒದಗಿಸುವುದು ಅದರ ಕೆಲಸ. 1980ರ ದಶಕದ ಕೊನೆಯಲ್ಲಿ, ನಾಸಾದವರ ಸಿಡಿಎಫ್ ಅನ್ನೋ ಮಾದರಿಯ ಯೋಚನೆ ಹಿಡಿದು ಅಲ್ಲಿನವರು ಇದನ್ನು ಕಟ್ಟಿದರು. ರಸ್ ರ್ಯೂ ಮತ್ತು ಗ್ಲೆನ್ ಡೇವಿಸ್ 1990ರಲ್ಲಿ ಇದರ ಬಗ್ಗೆ ಬರೆದ ಪ್ರಬಂಧ ಇದೆ. ಯೋಚನೆ ಸರಳ: ಫೈಲು ತನ್ನ ಬಗ್ಗೆ ತಾನೇ ಹೇಳಿಕೊಳ್ಳಬೇಕು. ನಮ್ಮ ಪಹಣಿ ಇದೆಯಲ್ಲ, ಸರ್ವೆ ನಂಬರು, ವಿಸ್ತೀರ್ಣ, ಯಾರ ಹೆಸರು, ಯಾವ ಬೆಳೆ ಎಲ್ಲ ಅದರಲ್ಲೇ ಇರುತ್ತೆ, ಹಾಗೆ. ಎನ್‌ಸಿಡಂಪ್ ಅನ್ನೋ ಚಿಕ್ಕ ಕಮ್ಯಾಂಡು ಕೊಟ್ಟರೆ ಫೈಲಿನ ತಲೆಭಾಗ ಓದಿ ಹೇಳುತ್ತೆ: ಇಷ್ಟು ದಿನ, ಇಷ್ಟು ಅಕ್ಷಾಂಶ, ಇಷ್ಟು ರೇಖಾಂಶ, ಒಳಗಿರುವುದು ಇಂಥದ್ದು, ಅಳತೆ ಇಂಥದ್ದು. ಇಂಟೆಲ್ ಚಿಪ್ಪಿನ ಕಂಪ್ಯೂಟರಿನಲ್ಲಿ ಬರೆದದ್ದನ್ನು ಬೈಟುಗಳ ಸಾಲು ತಿರುವುಮುರುವು ಇರುವ ಬೇರೆ ಯಂತ್ರದಲ್ಲೂ ಓದಬಹುದು. ಅದಕ್ಕಿಂತ ದೊಡ್ಡದು ಅವರು ಕೊಟ್ಟ ಮಾತು. ಹಿಂದಿನ ಯಾವ ರೂಪದಲ್ಲಿ ಬರೆದ ಫೈಲನ್ನೂ ಮುಂದಿನ ಎಲ್ಲ ಆವೃತ್ತಿಗಳು ಓದುತ್ತವೆ. ಮೂವತ್ತು ವರ್ಷಕ್ಕೂ ಹಿಂದಿನ ಫೈಲು ಇವತ್ತಿಗೂ ತೆರೆಯುತ್ತೆ. ನಮ್ಮ ಇಂಡಸ್ಟ್ರಿಯಲ್ಲಿ ಮೂರು ವರ್ಷದ ಹಿಂದಿನ ಕೋಡ್ ಓಡಿದರೆ ಪಾರ್ಟಿ ಕೊಡಿಸ್ತಾರೆ.

ಅಂಥ ಫೈಲನ್ನು ತೆರೆಯುವ ಲೈಬ್ರರಿ ಮಾತ್ರ ತನ್ನ ಬಗ್ಗೆ ಬಾಯಿ ಬಿಡುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಮಳೆ ಲೆಕ್ಕವನ್ನು ಇಲಾಖೆ ಬಿಟ್ಟಿ ಕೊಟ್ಟಿದೆ, ಫೈಲು ತನ್ನೆಲ್ಲ ಗುಟ್ಟು ಹೇಳಲು ತಯಾರಾಗಿ ಕೂತಿದೆ, ಗರ್ಭಗುಡಿಯ ಬಾಗಿಲಲ್ಲಿ ಲೈಬ್ರರಿ ಅಡ್ಡ ನಿಂತಿದೆ.

ಅವತ್ತು ಮಧ್ಯಾಹ್ನ ಅವಳ ಲ್ಯಾಪ್‌ಟಾಪಿನ ಸ್ಕ್ರೀನ್ ಹಂಚಿಕೊಂಡು ಕೂತೆವು. ಉಬುಂಟು ಇತ್ತು. ಹನ್ನೆರಡು ವರ್ಷದ ಅನುಭವದ ಇಂಜಿನಿಯರು ನಾನು, ಒಂದು ಗಂಟೆ ಸಾಕು ಅಂತ ಹೇಳಿದೆ. ಅವಳ ಕೈಯಲ್ಲಿ ಸೀನಿಯರ್ ಒಬ್ಬರು ಬಿಟ್ಟುಹೋದ ನೋಟ್ಸ್ ಇತ್ತು, ಎಲ್ಲವನ್ನೂ ಸೋರ್ಸ್‌ನಿಂದಲೇ ಬಿಲ್ಡ್ ಮಾಡಬೇಕು ಅಂತ ಅದರಲ್ಲಿ ಬರೆದಿತ್ತು. ನನಗೂ ಅದೇ ಸರಿ ಅನ್ನಿಸಿತು. ಇಂಜಿನಿಯರ್ ಜಂಬ ಅಂತ ಬೇಕಾದರೆ ಅನ್ನಿ.

ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. 2008ರಲ್ಲಿ ಬಂದ ನೆಟ್‌ಸಿಡಿಎಫ್-4ರಲ್ಲಿ ಯುನಿಡೇಟಾದವರು ಒಂದು ದೊಡ್ಡ ನಿರ್ಧಾರ ಮಾಡಿದರು. ಹೊಸ ಫೈಲುಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ಕೆಲಸವನ್ನು ಎಚ್‌ಡಿಎಫ್5 ಅನ್ನೋ ಇನ್ನೊಂದು ಲೈಬ್ರರಿಗೆ ಒಪ್ಪಿಸಿದರು. ಎಚ್‌ಡಿಎಫ್ ಹುಟ್ಟಿದ್ದು ಇಲಿನಾಯ್ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟಿಂಗ್ ಕೇಂದ್ರದಲ್ಲಿ. ಮೊಸಾಯಿಕ್ ಬ್ರೌಸರ್ ಹುಟ್ಟಿದ್ದೂ ಅದೇ ಮನೆಯಲ್ಲೇ. ನಮ್ಮ ಇನ್ಸಾಟ್-3ಡಿ ಉಪಗ್ರಹ ಕಳಿಸಿದ ಮೋಡದ ಮಾಹಿತಿಯನ್ನು ಇಸ್ರೋ ಹಂಚುವುದೂ ಎಚ್‌ಡಿಎಫ್5 ರೂಪದಲ್ಲೇ. ಅದರಿಂದ ಸಿಕ್ಕ ಲಾಭ ಸಣ್ಣದಲ್ಲ. ಫೈಲನ್ನು ಕುಗ್ಗಿಸಿ ಇಡಬಹುದು, ತುಂಡು ತುಂಡಾಗಿ ಓದಬಹುದು, ಸಾವಿರ ಪ್ರೊಸೆಸರುಗಳು ಒಟ್ಟಿಗೆ ಬರೆಯಬಹುದು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಆದರೆ ಎಚ್‌ಡಿಎಫ್5 ಬಂದಾಗ ಒಂಟಿಯಾಗಿ ಬರಲಿಲ್ಲ, ಬೀಗರು ಬಿಜ್ಜರನ್ನೆಲ್ಲ ಕರೆದುಕೊಂಡು ಬಂತು. ಕುಗ್ಗಿಸುವುದಕ್ಕೆ ಝಡ್‌ಲಿಬ್ ಬೇಕು. ಕೆಲವು ಫೈಲುಗಳಿಗೆ ಎಸ್‌ಜಿಪ್ ಬೇಕು, ಅದರ ಲೈಸೆನ್ಸಿನಲ್ಲಿ ವಾಣಿಜ್ಯ ಬಳಕೆಗೆ ಒಂದು ಕೊಕ್ಕೆ ಇತ್ತು, ಜರ್ಮನಿಯ ಹವಾಮಾನ ಕಂಪ್ಯೂಟಿಂಗ್ ಕೇಂದ್ರದವರು ಅದಕ್ಕೆ ಬದಲಿಯಾಗಿ ಲಿಬ್‌ಎಇಸಿ ಬರೆದರು. ದೂರದ ಸರ್ವರಿನಿಂದ ಫೈಲು ಓದುವ ಸೌಲಭ್ಯಕ್ಕೆ ಕರ್ಲ್ ಬೇಕು. ಇದೆಲ್ಲ ಆದ ಮೇಲೆ ಸಿಗುವುದು ಸಿ ಭಾಷೆಯ ಲೈಬ್ರರಿ. ಫೋರ್ಟ್ರಾನ್ ಬೇಕು ಅಂದರೆ ಅದರ ಮೇಲೆ ಇನ್ನೊಂದು ಮಹಡಿ. ಮೊದಲು ಎಲ್ಲ ಒಂದೇ ಕಟ್ಟಿನಲ್ಲಿ ಬರುತ್ತಿತ್ತು, 4.2 ಆವೃತ್ತಿಯಿಂದ ಫೋರ್ಟ್ರಾನನ್ನು ಬೇರೆ ಮನೆ ಮಾಡಿ ಕಳಿಸಿದರು. ಹೀಗಾಗಿ ಹಳೇ ಪ್ರೋಗ್ರಾಮುಗಳ ಮೇಕ್‌ಫೈಲಿನಲ್ಲಿ ನೆಟ್‌ಸಿಡಿಎಫ್ ಅಂತ ಮಾತ್ರ ಇದ್ದರೆ ಸಾಲದು. ಕೊನೆಯಲ್ಲಿ ಇನ್ನೊಂದು ‘ಎಫ್’ ಸೇರಿಸಿದ ಹೆಸರು ಬೇಕು, ಅದು ಮೊದಲನೆಯದಕ್ಕಿಂತ ಮುಂಚೆ ಬರಬೇಕು. ಆ ಒಂದು ಅಕ್ಷರ ಇಲ್ಲದೆ ಎಷ್ಟು ರಾತ್ರಿಗಳು ಹಾಳಾಗಿವೆಯೋ.

ಸರಿ, ಶುರು ಮಾಡಿದೆವು. ಝಡ್‌ಲಿಬ್ ಸಲೀಸಾಗಿ ಆಯಿತು. ಎಚ್‌ಡಿಎಫ್5 ಆಗಲೇ ಉಬುಂಟು ಪ್ಯಾಕೇಜಾಗಿ ಕೂತಿತ್ತು, ಅದನ್ನೇ ಬಳಸೋಣ ಅಂದೆ. ನೆಟ್‌ಸಿಡಿಎಫ್‌ನ ಕಾನ್ಫಿಗರ್ ಓಡಿಸಿದರೆ, ಎಚ್‌ಡಿಎಫ್5 ಸಿಗ್ತಾ ಇಲ್ಲ ಅಂತು.

“ಇದೆಯಲ್ಲಣ್ಣಾ, ಹಾಕಿದೀನಲ್ಲ?”

ಇತ್ತು. ಆದರೆ ಡೆಬಿಯನ್, ಉಬುಂಟುಗಳಲ್ಲಿ ಎಚ್‌ಡಿಎಫ್5ರ ಹೆಡರ್ ಫೈಲುಗಳು ಎಲ್ಲರೂ ಹುಡುಕುವ ಜಾಗದಲ್ಲಿ ಇರಲ್ಲ. ಅದರೊಳಗೆ ಎಚ್‌ಡಿಎಫ್5 ಅಂತ ಒಂದು ಫೋಲ್ಡರು, ಅದರೊಳಗೆ ‘ಸೀರಿಯಲ್’ ಅಂತ ಇನ್ನೊಂದು, ಅಲ್ಲಿರುತ್ತವೆ. ಲೈಬ್ರರಿಯ ಹೆಸರಿಗೂ ಸೀರಿಯಲ್ ಅಂತ ಬಾಲ ಹಚ್ಚಿದ್ದಾರೆ. ಯಾಕೆ? ಒಂಟಿಯಾಗಿ ಓಡುವುದು, ಹಲವು ಪ್ರೊಸೆಸರುಗಳಲ್ಲಿ ಒಟ್ಟಿಗೆ ಓಡುವುದು, ಎರಡೂ ಒಂದೇ ಯಂತ್ರದಲ್ಲಿ ಜಗಳ ಇಲ್ಲದೆ ಇರಲಿ ಅಂತ. ಒಳ್ಳೇ ಕಾರಣವೇ. ಇಡೀ ಕಥೆಯಲ್ಲಿ ನನಗೆ ಮತ್ತೆ ಮತ್ತೆ ಕಂಡದ್ದು ಇದು: ಯಾರ ನಿರ್ಧಾರವನ್ನೂ ಬಿಡಿಯಾಗಿ ತಪ್ಪು ಅನ್ನೋ ಹಾಗಿಲ್ಲ. ಡೆಬಿಯನ್ನವರದು ಸರಿ, ಯುನಿಡೇಟಾದವರದು ಸರಿ, ಎಚ್‌ಡಿಎಫ್‌ನವರದು ಸರಿ. ಎಲ್ಲ ಸರಿಗಳೂ ಒಂದು ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಬಂದು ಸೇರಿದಾಗ ದಾರಿ ಮುಚ್ಚಿಹೋಗುತ್ತೆ. ಆ ಸೇರುವ ಜಾಗಕ್ಕೆ ಯಾರೂ ಜವಾಬ್ದಾರರಲ್ಲ. ಗ್ರಾಮ ಪಂಚಾಯ್ತಿ ರಸ್ತೆ ಮುಗಿದು ಪಿಡಬ್ಲ್ಯುಡಿ ರಸ್ತೆ ಶುರುವಾಗುವ ಕಡೆ ಗುಂಡಿ ಯಾರದು ಅಂತ ಕೇಳಿದ ಹಾಗೆ.

ಎಚ್‌ಡಿಎಫ್5 ಸಿಗದಿದ್ದರೆ ಅದನ್ನು ಬಿಟ್ಟು ಕಟ್ಟುವ ಆಪ್ಷನ್ ಒಂದಿದೆ, ಕಾನ್ಫಿಗರ್ ಅದನ್ನೇ ಸೂಚಿಸುತ್ತದೆ. ಪ್ರಲೋಭನೆ ದೊಡ್ಡದು. ಅರ್ಧ ತಲೆನೋವು ಅಲ್ಲೇ ಹೋಗುತ್ತೆ. ಆದರೆ ನಿಮ್ಮ ಫೈಲು ಹೊಸ ರೂಪದ್ದಾಗಿದ್ದರೆ ತೆರೆಯುವಾಗ, ಈ ಸೌಲಭ್ಯ ಕಟ್ಟುವಾಗ ಹಾಕಿರಲಿಲ್ಲ ಅಂತ ಹೇಳಿ ಕೈ ಎತ್ತುತ್ತೆ. ಹಾಗಾದರೆ ಫೈಲು ಯಾವ ರೂಪದ್ದು ಅಂತ ಮೊದಲೇ ತಿಳಿಯುವುದು ಹೇಗೆ? ಎನ್‌ಸಿಡಂಪ್‌ಗೆ ‘ಕೆ’ ಆಪ್ಷನ್ ಕೊಟ್ಟರೆ ಹೇಳುತ್ತೆ. ಎನ್‌ಸಿಡಂಪ್ ಎಲ್ಲಿಂದ ಬರುತ್ತೆ? ಲೈಬ್ರರಿ ಕಟ್ಟಿದ ಮೇಲೆ ಬರುತ್ತೆ. ಹುಚ್ಚು ಬಿಡೋವರೆಗೆ ಮದುವೆ ಆಗಲ್ಲ, ಮದುವೆ ಆಗೋವರೆಗೆ ಹುಚ್ಚು ಬಿಡಲ್ಲ. ಇದಕ್ಕೊಂದು ಸುಲಭದ ಉಪಾಯ ಇದೆ, ಫೈಲಿನ ಮೊದಲ ನಾಲ್ಕು ಬೈಟು ನೋಡಿದರೆ ಸಾಕು. ಸಿ, ಡಿ, ಎಫ್ ಅಂತ ಅಕ್ಷರ ಕಂಡರೆ ಹಳೇದು, ಎಚ್, ಡಿ, ಎಫ್ ಅಂತ ಕಂಡರೆ ಹೊಸದು. ಎರಡು ಸೆಕೆಂಡಿನ ಕೆಲಸ. ಈ ಮಾತು ಅವರದೇ ಪ್ರಶ್ನೋತ್ತರದ ಪುಟದಲ್ಲಿದೆ. ಆದರೆ ಕಟ್ಟಲು ಕೂತವನು ಓದುವುದು ಪ್ರಶ್ನೋತ್ತರ ಅಲ್ಲ, ಇನ್‌ಸ್ಟಾಲ್ ಪುಟ.

ಹೆಡರಿನ ಜಾಗ ತೋರಿಸಿಕೊಟ್ಟೆವು, ಮುಂದೆ ಹೋಯಿತು. ಎಂ4 ಅನ್ನೋ ಒಂದು ಪುರಾತನ ಪ್ರೋಗ್ರಾಂ ಇಲ್ಲ ಅಂತು, ಹಾಕಿದೆವು. ಕರ್ಲ್‌ನ ಹೆಡರ್ ಇಲ್ಲ ಅಂತು, ಅದು ನಮಗೆ ಬೇಕಿರಲಿಲ್ಲ, ತೆಗೆಸಿದೆವು. ಸಿ ಲೈಬ್ರರಿ ಆಯಿತು. ಫೋರ್ಟ್ರಾನಿನ ಸರದಿ. ನೋಟ್ಸಿನಲ್ಲಿ ಹೇಳಿದ್ದ ಹಳೇ ಆವೃತ್ತಿಯನ್ನೇ ತೆಗೆದುಕೊಂಡೆವು, ಪರದೆ ತುಂಬ ಎರರ್. 2020ರಲ್ಲಿ ಬಂದ ಜಿಸಿಸಿ 10ರಿಂದ ಫೋರ್ಟ್ರಾನ್ ಕಂಪೈಲರ್ ಸ್ಟ್ರಿಕ್ಟ್ ಮೇಷ್ಟ್ರಾಗಿದೆ. ಒಂದೇ ಸಬ್‌ರೂಟೀನನ್ನು ಒಂದು ಕಡೆ ಪೂರ್ಣಾಂಕ ಕೊಟ್ಟು, ಇನ್ನೊಂದು ಕಡೆ ದಶಮಾಂಶ ಕೊಟ್ಟು ಕರೆದರೆ ಮೊದಲೆಲ್ಲ ಗೊಣಗಿ ಬಿಟ್ಟುಬಿಡುತ್ತಿತ್ತು, ಈಗ ಒಳಗೇ ಬಿಡಲ್ಲ. ಹೊಂದದಿದ್ದರೂ ಒಪ್ಪಿಕೋ ಅಂತ ಹೇಳುವ ಆಪ್ಷನ್ ಒಂದಿದೆ, ಕೊಟ್ಟೆವು. ಅದೂ ಆಯಿತು. ಸಂಜೆ ಏಳು ಗಂಟೆ. ಅವಳ ಮೆಸ್ ಊಟದ ಹೊತ್ತು.

ಊಟ ಮಾಡಿಕೊಂಡು ಬಂದು ಗೈಡಿನ ಪ್ರೋಗ್ರಾಂ ಕಂಪೈಲ್ ಮಾಡಿದಳು. ನೆಟ್‌ಸಿಡಿಎಫ್‌ನ ಮಾಡ್ಯೂಲ್ ಫೈಲು ಬೇರೆ ಆವೃತ್ತಿಯ ಫೋರ್ಟ್ರಾನ್‌ನಲ್ಲಿ ಮಾಡಿದ್ದು, ಓದಕ್ಕಾಗಲ್ಲ ಅಂತ ಬಂತು. ನಾವೀಗ ತಾನೇ ಕಟ್ಟಿದ್ದಲ್ವಾ? ಹುಡುಕಿದರೆ ಪ್ರೋಗ್ರಾಮಿನ ಫೋಲ್ಡರಿನಲ್ಲೇ ಹಳೇ ಮಾಡ್ಯೂಲ್ ಫೈಲೊಂದು ಕೂತಿತ್ತು. ಅದು ಪೆನ್‌ಡ್ರೈವಿನಲ್ಲಿ ಬ್ಯಾಚಿನಿಂದ ಬ್ಯಾಚಿಗೆ ಇಳಿದು ಬಂದದ್ದು. ಯಾವತ್ತೋ ಯಾರೋ ಸೀನಿಯರ್ ತಮ್ಮ ಯಂತ್ರದಲ್ಲಿ ಕಟ್ಟಿದ್ದರು, ಜೂನಿಯರ್‌ಗೆ ಕಷ್ಟ ಆಗಬಾರದು ಅಂತ ಪ್ರೀತಿಯಿಂದ ಕೊಟ್ಟಿದ್ದರು. ಫೋರ್ಟ್ರಾನಿನ ಮಾಡ್ಯೂಲ್ ಫೈಲು ಅದನ್ನು ಹುಟ್ಟಿಸಿದ ಕಂಪೈಲರಿಗೆ ಮಾತ್ರ ಅರ್ಥ ಆಗುತ್ತೆ. ಇಂಟೆಲ್‌ನದು ಜಿಎನ್‌ಯುಗೆ ಆಗಲ್ಲ, ಒಂದೇ ಜಿಎನ್‌ಯುವಿನ ಹಳೇದು ಹೊಸದಕ್ಕೂ ಆಗದಿರಬಹುದು. ಯೋಚನೆ ಮಾಡಿ. ಯಾವ ಯಂತ್ರದಲ್ಲಿ ಬರೆದರೂ ಯಾವ ಯಂತ್ರದಲ್ಲಾದರೂ ಓದಬಹುದಾದ ಫೈಲಿನ ಹೆಸರು ನೆಟ್‌ಸಿಡಿಎಫ್. ಅದನ್ನು ಓದಲು ಬೇಕಾದ ಇನ್ನೊಂದು ಫೈಲು ಪಕ್ಕದ ಟೇಬಲ್ಲಿನ ಕಂಪ್ಯೂಟರಿಗೂ ದಾಟಲ್ಲ.

ಅದನ್ನು ಅಳಿಸಿದೆವು. ಕಂಪೈಲ್ ಆಯಿತು. ಓಡಿಸಿದಳು.

ಆಗ ಬಂತು ಈ ಇಡೀ ಸಾಹಿತ್ಯದಲ್ಲೇ ನನಗೆ ಅತ್ಯಂತ ಇಷ್ಟವಾದ ಗದ್ಯ: ಎಚ್‌ಡಿಎಫ್5ರ ಆವೃತ್ತಿ ಹೊಂದುತ್ತಿಲ್ಲ ಅನ್ನೋ ಎಚ್ಚರಿಕೆ. ವ್ಯಂಗ್ಯ ಅಲ್ಲ, ನಿಜವಾಗಲೂ ಇಷ್ಟ. ಅದು ಏನಾಗಿದೆ ಅಂತ ಹೇಳುತ್ತೆ: ಕಂಪೈಲ್ ಮಾಡುವಾಗ ಬಳಸಿದ ಹೆಡರ್ ಒಂದು ಆವೃತ್ತಿಯದು, ಓಡುವಾಗ ಸಿಕ್ಕ ಲೈಬ್ರರಿ ಇನ್ನೊಂದು ಆವೃತ್ತಿಯದು. ಯಾಕೆ ಅಪಾಯ ಅಂತ ಹೇಳುತ್ತೆ: ಡೇಟಾ ಕೆಡಬಹುದು. ಎಲ್ಲಿ ನೋಡಬೇಕು ಅಂತ ಹೇಳುತ್ತೆ: ಮತ್ತೆ ಕಂಪೈಲ್ ಮಾಡು, ಇಲ್ಲವೇ ಲೈಬ್ರರಿ ಹುಡುಕುವ ದಾರಿಯನ್ನು ಪರೀಕ್ಷಿಸು. ನಿನ್ನ ಜವಾಬ್ದಾರಿಯ ಮೇಲೆ ಈ ಎಚ್ಚರಿಕೆ ಆಫ್ ಮಾಡಬೇಕಾ, ಮಾಡ್ಕೋ, ಹೀಗೆ ಅಂತಾನೂ ಹೇಳುತ್ತೆ. ಎಲ್ಲ ಹೇಳಿ, ಕೊನೆಗೆ ‘ಬೈ’ ಅಂತ ಹೇಳಿ ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸುತ್ತೆ. ನಿಜವಾಗಲೂ ‘ಬೈ’, ಮುಂದೆ ಮೂರು ಚುಕ್ಕಿ. ಬರೆದವರು ಯಾರೋ, ಎದುರಿಗೆ ಒಬ್ಬ ಮನುಷ್ಯ ಕೂತಿದ್ದಾನೆ ಅಂತ ನೆನಪಿಟ್ಟುಕೊಂಡು ಬರೆದಿದ್ದಾರೆ. ಕೆಟ್ಟ ಸುದ್ದಿಯನ್ನೂ ಹೀಗೆ ಹೇಳಬಹುದು.

ಇದನ್ನು ಕಾನ್ಫಿಗರ್‌ನ ‘ಸಿಗ್ತಾ ಇಲ್ಲ, ಕಾನ್ಫಿಗ್ ಲಾಗ್ ನೋಡು’ ಅನ್ನೋ ಮಾತಿನ ಪಕ್ಕ ಇಟ್ಟು ನೋಡಿ. ಆ ಲಾಗ್ ಸಾವಿರಾರು ಸಾಲಿನದು. ಅದರಲ್ಲಿ ನಿಮಗೆ ಬೇಕಾದ್ದು ನಾಲ್ಕು ಸಾಲು. ಸಿಗದೇ ಇದ್ದಾಗ ಎಲ್ಲೆಲ್ಲಿ ಹುಡುಕಿದೆ ಅಂತ ಹೇಳುವುದಕ್ಕೆ ಏನು ಧಾಡಿ? ಮನೇಲಿ ಸಾಮಾನು ಹುಡುಕಕ್ಕೆ ಕಳಿಸಿದ ಮಗುವೂ ‘ಅಟ್ಟದ ಮೇಲೆ ನೋಡ್ದೆ, ಕೊಟ್ಟಿಗೇಲಿ ನೋಡ್ದೆ’ ಅಂತ ಹೇಳುತ್ತೆ. ನಾನು ಹಳ್ಳಿಯಿಂದ ಬಂದು ಬಿಇ ಸೇರಿದಾಗ ಲ್ಯಾಬಿನಲ್ಲಿ ಮೊದಲ ಎರರ್ ಮೆಸೇಜು ನೋಡಿ, ಸಿಟಿ ಹುಡುಗರಿಗೆ ಅರ್ಥ ಆಗೋದು ನನಗೆ ಆಗ್ತಿಲ್ಲ ಅಂತ ಒಂದು ಸೆಮಿಸ್ಟರ್ ಪೂರ್ತಿ ನಂಬಿದ್ದೆ. ಅವರಿಗೂ ಅರ್ಥ ಆಗ್ತಿರಲಿಲ್ಲ ಅಂತ ಗೊತ್ತಾಗಿದ್ದು ಆಮೇಲೆ. ಅವರು ಅದನ್ನು ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಬೈ ಅಂದದ್ದಕ್ಕೆ ಕಾರಣ ಕೋಂಡಾ. ಪೈಥಾನ್ ಬಳಸುವವರಿಗೆಲ್ಲ ಗೊತ್ತಿರುವ ಪ್ಯಾಕೇಜ್ ವ್ಯವಸ್ಥೆ. ಅವಳು ಯಾವುದೋ ಕೋರ್ಸಿಗೆ ಅಂತ ಹಾಕಿಕೊಂಡಿದ್ದಳು, ಅದರ ಹೊಟ್ಟೆಯೊಳಗೆ ಅದರದ್ದೇ ಆದ ಎಚ್‌ಡಿಎಫ್5 ಇತ್ತು. ನೋಟ್ಸಿನಲ್ಲಿದ್ದ ಒಂದು ಸಾಲನ್ನು ನಂಬಿ ಲೈಬ್ರರಿ ಹುಡುಕುವ ದಾರಿಗೆ ಕೋಂಡಾದ ಫೋಲ್ಡರನ್ನೂ ಸೇರಿಸಿಬಿಟ್ಟಿದ್ದಳು. ಕಟ್ಟಿದ್ದು ಒಂದರ ಮೇಲೆ, ಓಡಲು ಹೋದದ್ದು ಇನ್ನೊಂದರ ಮೇಲೆ. ಕೋಂಡಾ ಕೆಟ್ಟದ್ದು ಅಂತಲ್ಲ. ಪೈಥಾನ್‌ನಲ್ಲೇ ಎಲ್ಲ ಮುಗಿಸುವವರಿಗೆ ಅದು ವರ. ಇವತ್ತು ಬೆಂಗಳೂರಿನ ಆಫೀಸಿನಲ್ಲಿ ಕೂತು ನೆಟ್‌ಸಿಡಿಎಫ್ ಓದುವ ಬಹುಪಾಲು ಜನರಿಗೆ ಈ ಯಾವ ಗೋಳೂ ಗೊತ್ತಿಲ್ಲ, ಯಾಕಂದರೆ ಪ್ಯಾಕೇಜು ಎಲ್ಲ ಲೈಬ್ರರಿಗಳನ್ನೂ ಹೊಟ್ಟೆಯಲ್ಲಿಟ್ಟುಕೊಂಡೇ ಬರುತ್ತೆ. ಅದು ಗೋಳನ್ನು ಪರಿಹರಿಸಿದ್ದಲ್ಲ, ಮುಚ್ಚಿಟ್ಟಿದ್ದು. ಎರಡು ಪ್ಯಾಕೇಜುಗಳ ಹೊಟ್ಟೆಯಲ್ಲಿ ಎರಡು ಬೇರೆ ಎಚ್‌ಡಿಎಫ್5 ಇದ್ದು, ಒಂದೇ ಪ್ರೋಗ್ರಾಮಿನಲ್ಲಿ ಎರಡೂ ಎದುರುಬದುರಾದ ದಿನ ಮತ್ತೆ ಹೊರಗೆ ಬರುತ್ತೆ.

ಇಷ್ಟು ಬರೆದದ್ದಕ್ಕೆ ಒಬ್ಬ ಸಹೋದ್ಯೋಗಿ ಹೇಳಿದ: ಬಿಟ್ಟಿ ಕೊಟ್ಟಿದ್ದಾರೆ ಮಾರಾಯ, ದಾನ ಕೊಟ್ಟ ಹಸುವಿನ ಹಲ್ಲು ಎಣಿಸ್ತೀಯಲ್ಲ. ಅವನ ಮಾತಿನಲ್ಲಿ ನ್ಯಾಯ ಇದೆ. ಇಂಥ ಲೈಬ್ರರಿಗಳ ಹಿಂದೆ ನಾವು ಅಂದುಕೊಂಡಷ್ಟು ಜನ ಇರಲ್ಲ, ಇರುವವರು ಮೂರು ಆಪರೇಟಿಂಗ್ ಸಿಸ್ಟಮ್ಮು, ಹತ್ತಾರು ಕಂಪೈಲರು ಎಲ್ಲದಕ್ಕೂ ಉತ್ತರ ಕೊಡಬೇಕು. ಸಿದ್ಧ ಪ್ಯಾಕೇಜು ಸಿಕ್ಕರೆ ಅದನ್ನೇ ಬಳಸಿ ಅಂತ ಅವರ ಕೈಪಿಡಿಯೇ ಹೇಳುತ್ತೆ, ಅದನ್ನು ಮರೆಮಾಚಿದರೆ ತಪ್ಪಾಗುತ್ತೆ. ನನ್ನ ದೂರು ಅವರ ಶ್ರಮದ ಮೇಲಲ್ಲ, ಅವರ ಮನಸ್ಸಿನಲ್ಲಿರುವ ಓದುಗನ ಮೇಲೆ. ಕೈಪಿಡಿ ಓದಿದರೆ ಆ ಓದುಗ ಯಾರು ಅಂತ ಗೊತ್ತಾಗುತ್ತೆ. ದೊಡ್ಡ ಸೂಪರ್‌ಕಂಪ್ಯೂಟರ್ ಕೇಂದ್ರದಲ್ಲಿ ಸಂಬಳಕ್ಕಿರುವ ಸಿಸ್ಟಂ ಅಡ್ಮಿನ್. ಅಲ್ಲಿ ವಿಜ್ಞಾನಿ ‘ಮಾಡ್ಯೂಲ್ ಲೋಡ್’ ಅಂತ ಒಂದು ಸಾಲು ಹೊಡೆದರೆ ಸಾಕು, ಕಟ್ಟುವ ಕರ್ಮವೆಲ್ಲ ಅಡ್ಮಿನ್ ಮುಗಿಸಿಟ್ಟಿರುತ್ತಾನೆ. ಅವನಿಗೆ ಪ್ಯಾರಲಲ್ ಬೇಕಾ, ಸಿ ಪ್ಲಸ್ ಪ್ಲಸ್ ಬೇಕಾ, ಎರಡೂ ಒಟ್ಟಿಗೆ ಬೇಕು ಅಂದರೆ ಎಚ್‌ಡಿಎಫ್5ರಲ್ಲಿ ‘ಬೆಂಬಲ ಇಲ್ಲದಿದ್ದರೂ ಪರವಾಗಿಲ್ಲ’ ಅಂತ ಬರೆದುಕೊಡುವ ಆಪ್ಷನ್ ಹಾಕಬೇಕು ಅನ್ನೋದೆಲ್ಲ ಬಾಯಿಪಾಠ. ಹಾಸ್ಟೆಲಿನಲ್ಲಿ ಒಬ್ಬಳೇ ಕೂತ ಹುಡುಗಿ ಆ ಪುಟ ತೆರೆದರೆ, ವಿಜ್ಞಾನಿಯೂ ಅವಳೇ, ಅಡ್ಮಿನ್ನೂ ಅವಳೇ. ಆ ಎರಡನೇ ಕೆಲಸ ತನ್ನದು ಅಂತ ಯಾರೂ ಅವಳಿಗೆ ಹೇಳಿಲ್ಲ.

ಹಳೇ ನೆಟ್‌ಸಿಡಿಎಫ್ ಎಷ್ಟು ಸರಳ ಇತ್ತು ಅನ್ನೋದಕ್ಕೆ ಒಂದು ಸಾಕ್ಷಿ ಇದೆ. ಸೈಪೈ ಲೈಬ್ರರಿಯಲ್ಲಿ ಹಳೇ ರೂಪದ ಫೈಲು ಓದುವ ಭಾಗವನ್ನು ಬರೀ ಪೈಥಾನ್‌ನಲ್ಲೇ ಬರೆದಿದ್ದಾರೆ, ಯುನಿಡೇಟಾದ ಲೈಬ್ರರಿಯನ್ನು ಮುಟ್ಟೇ ಇಲ್ಲ. ಆ ರೂಪದ ವಿವರಣೆ ಕೆಲವೇ ಪುಟ, ಸಂಜೆ ಟೀ ಕುಡಿಯುತ್ತ ಓದಿ ಮುಗಿಸಬಹುದು. ಎಚ್‌ಡಿಎಫ್5ರದ್ದು ಹಾಗಲ್ಲ. ಮೂಲ ಲೈಬ್ರರಿ ಬಿಟ್ಟು ಬೇರೆಯಾಗಿ ಅದನ್ನು ಓದುವ ಕೋಡ್ ಬರೆದವರು ಇದ್ದಾರೆ, ಯುನಿಡೇಟಾದವರೇ ತಮ್ಮ ಜಾವಾ ಲೈಬ್ರರಿಯಲ್ಲಿ ಬರೆದಿದ್ದಾರೆ, ಆದರೆ ಅದು ಸಂಜೆ ಟೀ ಕೆಲಸ ಅಲ್ಲ. ನಮ್ಮ ಊರಿನ ಮಳೆಯ ಲೆಕ್ಕ, ಇನ್ನು ಐವತ್ತು ವರ್ಷ ಉಳಿಯಬೇಕಾದದ್ದು, ಯಾವ ಪೆಟ್ಟಿಗೆಯಲ್ಲಿ ಇಟ್ಟರೆ ಕ್ಷೇಮ? ಕೀಲಿ ಕಳೆದರೂ ಬೇರೆ ಕೀಲಿ ಮಾಡಿಸಬಹುದಾದ ಪೆಟ್ಟಿಗೆಯಲ್ಲಿ ಅಂತ ನನ್ನ ಅಭಿಪ್ರಾಯ. ದಿನಕ್ಕೆ ಟೆರಾಬೈಟ್ ಬರೆಯುವವರು ಒಪ್ಪಲ್ಲ, ಒಪ್ಪಬೇಕಾಗಿಯೂ ಇಲ್ಲ.

ರಾತ್ರಿ ಹತ್ತೂವರೆಗೆ ನಾನು ಸೋಲು ಒಪ್ಪಿಕೊಂಡೆ. ಮಧ್ಯಾಹ್ನದಿಂದ ಕಟ್ಟಿದ್ದನ್ನೆಲ್ಲ ಅಳಿಸಿದೆವು. ದಾರಿಗೆ ಸೇರಿಸಿದ್ದ ಕೋಂಡಾ ಸಾಲು ತೆಗೆದೆವು. ಉಬುಂಟುವಿನ ಸಿದ್ಧ ಪ್ಯಾಕೇಜಿನಲ್ಲಿ ನೆಟ್‌ಸಿಡಿಎಫ್ ಫೋರ್ಟ್ರಾನ್ ಲೈಬ್ರರಿ ಹಾಕಿದೆವು, ಒಂದು ನಿಮಿಷ. ಗೈಡಿನ ಮೇಕ್‌ಫೈಲಿನಲ್ಲಿ ಕೈಯಲ್ಲಿ ಬರೆದಿದ್ದ ದಾರಿಗಳ ಜಾಗದಲ್ಲಿ ಎನ್‌ಎಫ್-ಕಾನ್ಫಿಗ್ ಅನ್ನೋ ಕಮ್ಯಾಂಡು ಹಾಕಿದೆವು. ಲೈಬ್ರರಿ ಎಲ್ಲಿದೆ, ಯಾವ ಯಾವ ಹೆಸರು ಯಾವ ಸಾಲಿನಲ್ಲಿ ಕೊಡಬೇಕು ಅಂತ ಅದು ತಾನೇ ಹೇಳುತ್ತೆ. ಹೌದು, ಲೈಬ್ರರಿಗೂ ತನ್ನ ಬಗ್ಗೆ ಹೇಳಿಕೊಳ್ಳುವ ಬಾಯಿ ಒಂದಿದೆ, ಮೇಲೆ ನಾನು ಬರೆದದ್ದು ಪೂರ್ತಿ ಸರಿ ಅಲ್ಲ. ಆದರೆ ಆ ಬಾಯಿ ಬರುವುದು ಎಲ್ಲ ಕಟ್ಟಿ ಮುಗಿದ ಮೇಲೆ.

ಪ್ರೋಗ್ರಾಂ ಓಡಿತು.

“ಹದಿನೈದು ದಿನ ಅಣ್ಣಾ,” ಅಂದಳು. ಬೈಯ್ಯೋ ಧಾಟಿ ಇರಲಿಲ್ಲ, ಅಳೋ ಧಾಟಿ ಇತ್ತು.

ಮರುದಿನ ಇನ್ನೊಂದು ಮೆಸೇಜು. ನಮ್ಮೂರಿನ ಮಳೆ ಬರ್ತಿದೆ, ಆದರೆ ಏನೋ ಜಾಸ್ತಿ ಅನ್ನಿಸ್ತಿದೆ ಅಂತ. ಯಾವ ಇಂಡೆಕ್ಸ್ ಕೊಟ್ಟೆ ಅಂದೆ. ಅಕ್ಷಾಂಶಕ್ಕೆ 27, ರೇಖಾಂಶಕ್ಕೆ 39. ಲೆಕ್ಕ ಸರಿ ಇತ್ತು, ಆದರೆ ಅದು ಸೊನ್ನೆಯಿಂದ ಎಣಿಸುವ ಪೈಥಾನ್ ಲೆಕ್ಕ. ಫೋರ್ಟ್ರಾನ್ ಒಂದರಿಂದ ಎಣಿಸುತ್ತೆ. 28, 40 ಆಗಬೇಕಿತ್ತು. ಅವಳು ಅರಸೀಕೆರೆ ಅಂದುಕೊಂಡು ನೋಡುತ್ತಿದ್ದದ್ದು 13, 76 ಅನ್ನೋ ಬಿಂದು, ಅಂದರೆ ಹಾಸನದ ಮಳೆ. ಈ ತಪ್ಪನ್ನು ಯಾವ ಲೈಬ್ರರಿಯೂ ಹಿಡಿಯಲ್ಲ, ಹಿಡಿಯಬೇಕಾಗಿಯೂ ಇಲ್ಲ. ಅಕ್ಷಾಂಶ ರೇಖಾಂಶ ಎರಡನ್ನೂ ಫೈಲಿನಿಂದಲೇ ಓದಿ ಪ್ರಿಂಟ್ ಮಾಡಿ ನೋಡು, ಫೈಲು ಹೇಳುತ್ತೆ ಅಂದೆ. ಹೇಳಿತು.

ಶನಿವಾರ ಊರಿಗೆ ಹೋದವಳು ಲ್ಯಾಪ್‌ಟಾಪ್ ತೆಗೆದು ಚಿಕ್ಕಪ್ಪನಿಗೆ ತೋರಿಸಿದ್ದಾಳೆ. ಹಿಂದಿನ ವರ್ಷ ಆರಿದ್ರಾ ಮಳೆಯ ಒಂದು ದಿನ, ಫೈಲಿನ ಪ್ರಕಾರ ನಮ್ಮ ಕಡೆ ಚೆನ್ನಾಗಿಯೇ ಆಗಿತ್ತು. ಚಿಕ್ಕಪ್ಪ ತೆಂಗಿನ ತೋಟದ ಪಕ್ಕದ ಹೊಲದಲ್ಲಿ ಅವತ್ತು ಬಿತ್ತನೆಗೆ ಕಾಯುತ್ತಿದ್ದರಂತೆ, ದಿನ ನೆನಪಿದೆ.

“ಅವತ್ತು ನಮ್ ಹೊಲಕ್ಕೆ ಒಂದ್ ಹನಿ ಬಿದ್ದಿಲ್ಲ ಕಣವ್ವ. ಬಾಣಾವರದ ಕಡೆ ಹುಯ್ದಿರ್ಬೇಕು. ಮೋಡ ಆ ಕಡೇನೇ ಹೋಯ್ತು.”

ಅವಳು ಅಲ್ಲಿಂದಲೇ ನನಗೆ ಫೋನ್ ಮಾಡಿದಳು. ಹಿಂದೆ ಚಿಕ್ಕಪ್ಪನ ಕೆಮ್ಮು ಕೇಳಿಸುತ್ತಿತ್ತು. “ಅಣ್ಣಾ, ಇಪ್ಪತ್ತೇಳು ಕಿಲೋಮೀಟರ್ ಚೌಕದಲ್ಲಿ ಮಳೆಮಾಪಕ ಎಷ್ಟಿರುತ್ತೆ? ಇಲ್ದೇ ಇರೋ ಕಡೆ ಅಕ್ಕಪಕ್ಕದ್ದು ನೋಡಿ ಹೇಗೆ ತುಂಬ್ತಾರೆ? ಅದು ಎಲ್ಲಿ ಬರ್ದಿರ್ತಾರೆ?”

ನನಗೆ ಗೊತ್ತಿರಲಿಲ್ಲ. ನಿಮ್ಮ ಗೈಡನ್ನ ಕೇಳು ಅಂದೆ.